ಕರಿಮುತ್ತಿನ ಒಂದು ಗುಟುಕು

ಕೊಟ್ರೇಶನ ಆಸೆ ಏನು ದೊಡ್ಡದಲ್ಲ, ಒಂದೇ ಒಂದು ಗುಟುಕು. ಆದರೆ ಹಿರೇಕೊಟ್ನೆಕಲ್ಲಿನಲ್ಲಿ, ಅದೂ ಲಿಂಗಪೂಜೆ ಮುಗಿಯದೆ ನೀರು ಸಹ ಮುಟ್ಟದ ಮಹಾಂತಮ್ಮನ ಮಗನಿಗೆ, ವೈನಿನ ಗುಟುಕೆಂದರೆ ಹುಡುಗಾಟವೇ?

ನಾಲ್ಕು ವರ್ಷದಿಂದ ವೈನರಿಗೆಂದು ಕರಿಮುತ್ತು ಎಂಬ ಕಪ್ಪು ದ್ರಾಕ್ಷಿಯನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದ. ಅವ್ವನಿಗೆ ಮಾತ್ರ, "ಶರಬತ್ತಿಗೆ ಹೋಗ್ತದ ಯವ್ವಾ" ಎಂದಿದ್ದ. ಅವತ್ತು ರಾಯಚೂರಿನ ಸಭೆಯಲ್ಲಿ ಈ ಭಾಗದ ವೈನರಿಗಳೆಲ್ಲ ಸೇರಿ, ಇನ್ನು ಮುಂದೆ ನಮ್ಮ ಸೀಮೆಯ ಕೆಂಪು ವೈನ್ ಅಂದರೆ ಕರಿಮುತ್ತಿನದೇ ಎಂದು ಸಾರಿದವು. ವೈನರಿಯ ಶಶಿಕಲಾ ಮೇಡಂ ಅವನಿಗೆ ಶಾಲು ಹೊದಿಸಿ ಒಂದು ಬಾಟಲಿ ಕೊಟ್ಟರು. ಸೂಟು ಹಾಕಿದವರೆಲ್ಲ ಗ್ಲಾಸು ತಿರುಗಿಸಿ, ಮೂಸಿ, "ಆಹಾ!" ಎಂದರು. ಹಣೆ ತುಂಬ ವಿಭೂತಿ ಹಚ್ಚಿದ್ದ ಕೊಟ್ರೇಶನಿಗೆ ಮಾತ್ರ ಮರ್ಯಾದೆಯಿಂದ ಮಜ್ಜಿಗೆ ತಂದುಕೊಟ್ಟರು.

ಇರಲಿ, ಬಾಟಲಿಯಂತೂ ಸಿಕ್ಕಿತಲ್ಲ! ಶಾಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದ. ತೋಟದಲ್ಲಿ ಒಬ್ಬನೇ ಕೂತು ಒಂದು ಗುಟುಕು ಕುಡಿದು, ಉಳಿದದ್ದನ್ನು ಬಳ್ಳಿಗೇ ಸುರಿಯಬೇಕೆಂದುಕೊಂಡ.

ಮಾನ್ವಿಯಲ್ಲಿ ಇಳಿದರೆ ಪಕ್ಕದ ಮನೆಯ ಹಂಪಣ್ಣ ಬೈಕಿನ ಮೇಲೆ ಪ್ರತ್ಯಕ್ಷ.

"ಏನಲೇ ಕೊಟ್ರ್ಯಾ, ಶಾಲಿನ್ಯಾಗ ಏನದು?"

"ಅವ್ವನ ಮಣಕಾಲ ನೋವಿಗೆ ಔಷಧ, ಮಾವಾ." ಬಾಯಿಗೆ ಬಂದದ್ದನ್ನು ಆಡಿಬಿಟ್ಟ.

"ಟಂಟಂದಾಗ ಕುಲುಕಿ ಒಡದೀತು. ಕೊಡಿಲ್ಲಿ, ನಾ ಊರಿಗೇ ಹೊಂಟೀನಿ."

"ಬ್ಯಾಡ ಮಾವಾ, ನಾನೂ ಹಿಂದ ಕೂಡ್ತೀನಿ..."

"ಹಿಂದ ಗೊಬ್ಬರದ ಚೀಲ ಅದಲ್ಲೋ!"

ಶಾಲುಸಮೇತ ಕಸಿದುಕೊಂಡು ಬುರ್ರನೆ ಹೊರಟೇಬಿಟ್ಟ. ಉಪಕಾರ ಮಾಡುವ ಹುಕಿ ಹತ್ತಿದವನನ್ನು ಆ ಶಿವನೂ ತಡೆಯಲಾರ.

ಕೊಟ್ರೇಶ ಪೀರಾ ಸಾಬನ ಟಂಟಂ ಆಟೋ ಏರಿ, "ಲಗೂನ ಹೊಡಿ ಭಾಯ್" ಎಂದು ಅಂಗಲಾಚಿದ. ಪೀರಾ ಸಾಬ್ ದಾರಿಯಲ್ಲಿ ಕಂಡವರನ್ನೆಲ್ಲ ಹತ್ತಿಸಿಕೊಂಡೇ ಹೊಡೆದ.

ಮನೆ ಮುಟ್ಟುವಷ್ಟರಲ್ಲಿ ಔಷಧದ ಸುದ್ದಿ ಊರು ಸುತ್ತಿತ್ತು. ಕಟ್ಟೆಯ ಮೇಲೆ ಏಳು ಮುದುಕಿಯರು ಸೀರೆ ಮೇಲೆತ್ತಿ, ಮಣಕಾಲು ಚಾಚಿ ಸಾಲಾಗಿ ಕೂತಿದ್ದರು. ಮಹಾಂತಮ್ಮ ಬಾಟಲಿ ಹಿಡಿದು ಒಬ್ಬೊಬ್ಬರಿಗೂ ತಿಕ್ಕುತ್ತಿದ್ದಳು.

"ಕುಡಿಯೋದಲ್ಲ ಬೇ, ಹಚ್ಚೋದು," ಎಂದು ಕೊನೆಯ ಹನಿಯನ್ನೂ ತಟ್ಟಿ ತಟ್ಟಿ ಇಳಿಸಿದಳು.

"ಉರಿ ಉರಿ ಅಂತದ, ಭಾಳ ಖಡಕ್ ಔಷಧ!" ಎಂದು ಹರಸುತ್ತ ಮುದುಕಿಯರು ಎದ್ದು ಹೋದರು. ಕೊಟ್ರೇಶ ಹೊಸ್ತಿಲ ಮೇಲೆ ಕುಸಿದು ಕೂತ. ನಾಲ್ಕು ವರ್ಷದ ಬೆವರು ಊರಿನ ಮಣಕಾಲಿಗೆ ಹೋಗಿತ್ತು.

ಮಹಾಂತಮ್ಮ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು, "ಶರಬತ್ತೇನಲೇ?"

ಅವನು ಗಕ್ಕನೆ ಅವಳತ್ತ ತಿರುಗಿದ. "ಯವ್ವಾ... ನಿನಗ ಗೊತ್ತಿತ್ತಾ?"

"ಹೊಲ ನನ್ನ ಹೆಸರಿಲೆ ಅದಲ್ಲೋ ಹುಚ್ಚಪ್ಪಾ. ಶಶಿಕಲಾ ಸಹಿ ತಗೊಳ್ಳಾಕ ಬಂದಾಗ ಎಲ್ಲಾ ಹೇಳಿದ್ಲು. ನೀ ಹೆದರಿ ಬೆಳಿ ಬಿಟ್ಟೀ ಅಂತ ನಾ ಸುಮ್ನಿದ್ದೆ." ಸೆರಗಿನಿಂದ ಕೈ ಒರೆಸಿಕೊಂಡಳು. "ಮಗ ಏನು ಬೆಳ್ಯಾಕತ್ತಾನ ಅಂತ ಅಕಿ ತಂದಿದ್ದ ಬಾಟ್ಲ್ಯಾಗಿಂದು ಒಂದು ಗುಟುಕು ನೋಡೂ ಬಿಟ್ಟೆ. ಪಾಪ ಇದ್ರ ನನಗಿರ್ಲಿ, ನನ್ನ ಕೂಸಿಗೆ ಬ್ಯಾಡ."

ಕೊಟ್ರೇಶನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಹೆಂಗಿತ್ತು ಯವ್ವಾ?"

"ಮೊದಲು ವಗರು. ಆಮ್ಯಾಲ ನೇರಳಿ ಹಣ್ಣು ತಿಂದಂಗ, ಗಂಟಲಾಗ ಬೆಚ್ಚಗ..." ಹೇಳುತ್ತ ಹೇಳುತ್ತ ಮುದುಕಿ ಕಣ್ಣು ಮುಚ್ಚಿದಳು. ಆಮೇಲೆ ತಟ್ಟನೆ ಅವನ ಕೈ ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ನೀ ಜನ್ಮದಾಗ ಮುಟ್ಟಂಗಿಲ್ಲ ಅಂತ ಆಣಿ ಮಾಡು."

ಅವ್ವನ ತಲೆ ಮುಟ್ಟಿದ ಮೇಲೆ ಇನ್ನೇನಿದೆ? ಆಣೆ ಮಾಡಿದ.

"ಶಾಣ್ಯಾ," ಎಂದು ಅವನ ಕೆನ್ನೆ ಸವರಿ ಎದ್ದ ಮಹಾಂತಮ್ಮ, ಒಳಗೆ ಹೋಗುತ್ತ ನಿಟ್ಟುಸಿರಿಟ್ಟಳು. "ಇನ್ನೊಂದೀಟು ಹಾಕವ್ವಾ ಅಂತ ಕೇಳಿದ್ದೆ. ಆ ಹುಡುಗಿ ಹಾಕಲೇ ಇಲ್ಲ ನೋಡು."