ಟ್ರೇಲರ್ ಬ್ರೇಕಿನ ಜಂಟಿ ಅಧಿಕಾರ

ಪಾರ್ಕ್‌ಮೋರ್ ಕನ್ನಡ ಸಾಂಸ್ಕೃತಿಕ ಸಮನ್ವಯ ಬಳಗದ ವ್ಯಾನಿಗೆ ಬ್ರೇಕ್ ಇದೆ, ಅದರ ಹಿಂದೆ ಕಟ್ಟಿದ ಟ್ರೇಲರಿಗೂ ಬ್ರೇಕ್ ಇದೆ, ಆದರೆ ಇವೆರಡಕ್ಕೂ ಪರಸ್ಪರ ಪರಿಚಯವಿಲ್ಲ ಎಂಬ ಅಂಶವನ್ನು ಬಳಗದ ಕಾರ್ಯಕಾರಿ ಸಮಿತಿಯು ತನ್ನ ಏಪ್ರಿಲ್ ಸಭೆಯಲ್ಲಿ ಚಪ್ಪಾಳೆಯೊಂದಿಗೆ ಅಂಗೀಕರಿಸಿತು.

ವಿಷಯವನ್ನು ಸಭೆಯ ಗಮನಕ್ಕೆ ತಂದವರು ಅರೀಬಾ. ಐರ್ಲೆಂಡಿನ ಗಾಲ್ವೇ ಹೊರವಲಯದ ಪಾರ್ಕ್‌ಮೋರ್‌ನಲ್ಲಿ, ಹೃದಯಕ್ಕೆ ಕೂರಿಸುವ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವರು ಟೆಸ್ಟ್ ಎಂಜಿನಿಯರ್. ಕರೆಂಟು ಬರಬೇಕಾದಾಗ ಬರುತ್ತದೋ ಇಲ್ಲವೋ ಎಂದು ನೋಡುವುದೇ ಅವರ ಉದ್ಯೋಗವಾದ್ದರಿಂದ, ವ್ಯಾನಿನ ವೈರಿಂಗನ್ನೂ ಅವರಿಗೇ ವಹಿಸಲಾಗಿತ್ತು.

ವ್ಯಾನು ಹಳೆಯದು. ಹಿಂದೆ ಬ್ರೆಡ್ ಸಾಗಿಸುತ್ತಿದ್ದುದರಿಂದ ಈಗಲೂ ಒಳಗೆ ಹಸಿವಾಗುವಂಥ ವಾಸನೆ. ಟ್ರೇಲರನ್ನು ಅಮೆರಿಕದಿಂದ ವಾಪಸಾದ ಐರಿಷ್ ರೈತನೊಬ್ಬನಿಂದ ಕೊಂಡದ್ದು. ಸಮುದ್ರದಂಡೆಯ ಊರೊಂದರ ಬೇಸಿಗೆ ಮೆರವಣಿಗೆಯಲ್ಲಿ ಕನ್ನಡಿಗರ ಸ್ತಬ್ಧಚಿತ್ರ ಹೋಗಬೇಕು, ಅದರ ಮೇಲೆ ಅಧ್ಯಕ್ಷರು ಪೇಟ ಧರಿಸಿ ನಿಲ್ಲಬೇಕು, ಮುಂದೆ ಮಕ್ಕಳು ಕೋಲಾಟ ಆಡಬೇಕು ಎಂಬುದು ಯೋಜನೆ.

ಅರೀಬಾ ಮೊದಲ ಶನಿವಾರವೇ ಹಳೆಯ ಮಾಲೀಕ ಟೇಪು ಸುತ್ತಿ ಬಿಟ್ಟಿದ್ದ ವೈರುಗಳನ್ನೆಲ್ಲ ಕಿತ್ತು ಹೊಸದು ಎಳೆದರು. ಅದಕ್ಕೆ ಮುಂಚೆ ಎಡಕ್ಕೆ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಎಲ್ಲ ದೀಪಗಳೂ ದೀಪಾವಳಿಯಂತೆ ಹತ್ತುತ್ತಿದ್ದವು. ಬಳಿಕ ಸಭೆಯಲ್ಲಿ ಎದ್ದು ನಿಂತು ವಿವರಿಸಿದರು.

"ಇಲ್ಲಿನ ಟ್ರೇಲರ್‌ಗಳು ಮುಂದಿನ ಗಾಡಿಯನ್ನ ದೂಡಿದಾಗ ತಾವೇ ಬ್ರೇಕ್ ಹಿಡೀತವೆ. ಇದು ಅಮೆರಿಕದ್ದು, ಕರೆಂಟು ಹರಿದ್ರೆ ಮಾತ್ರ ಹಿಡಿಯುತ್ತೆ. ಡ್ಯಾಶ್‌ಬೋರ್ಡ್ ಕೆಳಗೆ ಒಂದು ಕಂಟ್ರೋಲರ್ ಕೂರಿಸಬೇಕು. ಬ್ಯಾಟರಿಯಿಂದ ಅದಕ್ಕೊಂದು ದಪ್ಪ ವೈರು, ಪೆಡಲ್‌ನಿಂದ ಇನ್ನೊಂದು. ಡ್ರೈವರ್ ಪೆಡಲ್ ಒತ್ತಿದ್ರೆ ಎರಡೂ ಒಟ್ಟಿಗೆ ನಿಲ್ಲುತ್ತೆ. ಅರ್ಧ ದಿನದ ಕೆಲಸ."

ಅಧ್ಯಕ್ಷ ಚಂದ್ರಶೇಖರ ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು, ಕಣ್ಣು ತೆರೆದರು.

"ನಾನು ನಿಂತಿರೋದು ಹಿಂದೆ. ನನ್ನ ಬ್ರೇಕು ಮುಂದೆ ಕೂತಿರೋರ ಕೈಲಿ ಯಾಕಿರ್ಬೇಕು?"

"ಕೈಲಲ್ಲ ಸರ್, ಕಾಲಲ್ಲಿ."

"ಅಧ್ಯಕ್ಷರ ಬ್ರೇಕು ಕಾಲಲ್ಲಿ!" ಎಂದರು ಕಾರ್ಯದರ್ಶಿ ಹೃಷಿಕೇಶ್. ಅವರ ಧ್ವನಿಯಲ್ಲಿ ನೋವಿತ್ತು.

ಹಾಗಾಗಿ ಬ್ರೇಕಿನ ಗುಂಡಿಯನ್ನು ಟ್ರೇಲರಿನ ಮೇಲೆ, ಅಧ್ಯಕ್ಷರ ಬಲಗೈ ಬಳಿ ಅಳವಡಿಸಬೇಕೆಂದು ಸೂಚನೆ ಬಂತು. ಹೃಷಿಕೇಶ್ ಇದನ್ನು ತಾತ್ವಿಕವಾಗಿ ಸ್ವಾಗತಿಸಿ, ಕ್ಯಾಮೆರಾ ಕಂಡಲ್ಲೆಲ್ಲ ಅಧ್ಯಕ್ಷರು ಮೆರವಣಿಗೆಯನ್ನು ನಿಲ್ಲಿಸಿಬಿಡುವ ಅಪಾಯವಿದೆಯೆಂದು ವಿನಯದಿಂದ ನೆನಪಿಸಿದರು. ಎರಡು ತಾಸಿನ ಚರ್ಚೆಯ ನಂತರ ಈ ನಿಯಮ ರೂಪುಗೊಂಡಿತು:

"ಟ್ರೇಲರಿಗೆ ಬ್ರೇಕ್ ಹಾಕುವ ಅಧಿಕಾರವು ಅಧ್ಯಕ್ಷರು ಹಾಗೂ ಕಾರ್ಯದರ್ಶಿಗಳಲ್ಲಿ ಜಂಟಿಯಾಗಿ ನಿಹಿತವಾಗಿರತಕ್ಕದ್ದು. ಇಬ್ಬರೂ ಏಕಕಾಲಕ್ಕೆ ತಮ್ಮ ತಮ್ಮ ಗುಂಡಿಗಳನ್ನು ಒತ್ತಿದ ಹೊರತು ಕರೆಂಟು ಹರಿಯತಕ್ಕದ್ದಲ್ಲ. ಬ್ರೇಕಿನ ಅವಶ್ಯಕತೆ ಕಂಡುಬಂದಲ್ಲಿ ಚಾಲಕರು ಹಾರ್ನ್ ಮೂಲಕ ವಿನಂತಿಸಿಕೊಳ್ಳಬಹುದು."

"ಇಳಿಜಾರಲ್ಲಿ ಒಬ್ರು ಒಪ್ಪಲಿಲ್ಲ ಅಂದ್ರೆ?" ಅರೀಬಾ ಕೇಳಿದರು.

"ಚರ್ಚೆಗೆ ಅವಕಾಶ ಇದ್ದೇ ಇದೆಯಲ್ಲ ಮೇಡಂ," ಎಂದರು ಹೃಷಿಕೇಶ್.

"ಚರ್ಚೆ ಮುಗಿಯೋವರೆಗೂ ಗಾಡಿ ಕಾಯುತ್ತಾ?"

"ಶಿಸ್ತಿದ್ದರೆ ಕಾಯುತ್ತೆ."

ಇಂಥ ವೈರಿಂಗ್‌ಗೆ ತಾನು ಕೈ ಹಾಕುವುದಿಲ್ಲವೆಂದು ಅರೀಬಾ ಹೇಳಿದರು. ಅವರ ನಕಾರಾತ್ಮಕ ಧೋರಣೆಗೆ ವಿಷಾದಿಸಿ ಸಮಿತಿಯು ಅವರನ್ನು ತಾಂತ್ರಿಕ ಹೊಣೆಯಿಂದ ಬಿಡುಗಡೆ ಮಾಡಿತು. ಅಧ್ಯಕ್ಷರ ಅಕ್ಕನ ಮಗ ತರುಣ್, ನಾಯಕತ್ವ ಮತ್ತು ನಾವೀನ್ಯತೆ ಎಂಬ ವಿಷಯದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದವನು, ಫೋನಿನಲ್ಲಿ ವಿಡಿಯೊ ನೋಡುತ್ತ ಕೆಲಸ ಮುಗಿಸಿದ. ವೈರುಗಳು ಕಣ್ಣಿಗೆ ಬಹಳ ಅಂದವಾಗಿದ್ದವು. ಅಧ್ಯಕ್ಷರ ಗುಂಡಿ ಕೆಂಪು, ಕಾರ್ಯದರ್ಶಿಯವರದು ಹಳದಿ.

ಚಾಲಕನ ಸ್ಥಾನಕ್ಕೆ ಅರೀಬಾರ ಗಂಡ ಮುಬಶ್ಶಿರ್ ಅವರನ್ನು ನೇಮಿಸಲಾಯಿತು. ಅವರಿಗೆ ಗಾಲ್ವೇಯಲ್ಲೊಂದು ದಿನಸಿ ಅಂಗಡಿ. ಬಳಗ ಹುಟ್ಟಿದಾಗಿನಿಂದ ಪ್ರತಿ ಕಾರ್ಯಕ್ರಮಕ್ಕೂ ಅಕ್ಕಿ ಮೂಟೆ ಹೊತ್ತು ತಂದು, ಊಟದ ಹೊತ್ತಿಗೆ ಕೊನೆಯ ಸಾಲಿನಲ್ಲಿ ಕುರ್ಚಿ ಸಿಕ್ಕರೆ ಕೂತವರು.

"ನೀವು ಓಡಿಸಬೇಡಿ," ಎಂದರು ಅರೀಬಾ, ಮನೆಯಲ್ಲಿ.

"ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನ ಮುಂದೆ ಕೂರಿಸ್ತಿದಾರೆ, ಅರೀಬಾ."

"ಬ್ರೇಕ್ ಇಲ್ಲದ ಕಡೆ ಕೂರಿಸ್ತಿದಾರೆ."

"ಹಾರ್ನ್ ಚೆನ್ನಾಗೈತೆ. ನೋಡಿದೀನಿ."

ಈ ಮನುಷ್ಯ ಅಷ್ಟೂ ಮೂಟೆ ಹೊತ್ತದ್ದು ಇದೊಂದು ಸೀಟಿಗಾಗಿ ಎಂದು ಅರೀಬಾಗೆ ಆಗಲೇ ಗೊತ್ತಾದದ್ದು. ಬೈಯಲು ಬಾಯಿ ಬರಲಿಲ್ಲ.

ಮೆರವಣಿಗೆಯ ದಿನ ಜಿಟಿಜಿಟಿ ಮಳೆ. ಚರ್ಚಿನ ಮುಂದಿನಿಂದ ಹೊರಟು, ಅಂಗಡಿ ಬೀದಿಯಲ್ಲಿ ಇಳಿದು, ಮೀನುಗಾರರ ಬಂದರು ತಲುಪಬೇಕು. ಬೀದಿ ನೇರವಾಗಿ ಇಳಿಜಾರು. ಟ್ರೇಲರಿನ ಮೇಲೆ ರೇಷ್ಮೆ ಲಂಗದ ಮಕ್ಕಳು ಕೋಲು ಹಿಡಿದು ನಿಂತಿದ್ದರು. ಅವರಲ್ಲಿ ಅರೀಬಾರ ಮಗಳು ಗುಲ್ಶನ್ ಕೂಡ.

"ಗುಲ್ಶನ್, ಇಳಿ."

"ಮಮ್ಮೀ, ಇಟ್ಸ್ ಗ್ರ್ಯಾಂಡ್!" ಏನೂ ಆಗಲ್ಲ, ಸರಿ ಅನ್ನುವುದಕ್ಕೆಲ್ಲ ಆ ದೇಶದಲ್ಲಿ ಇದೊಂದೇ ಮಾತು.

ತಂದೆತಾಯಿಯರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಲು ಸಮಯವಿರಲಿಲ್ಲ. ಚರ್ಚಿನ ಹಿಂದೆ ಐಸ್‌ಕ್ರೀಮ್ ಪುಕ್ಕಟೆ ಕೊಡುತ್ತಿದ್ದಾರೆಂದು ಅರೀಬಾ ಇಂಗ್ಲಿಷಿನಲ್ಲಿ ಕೂಗಿ ಹೇಳಿದರು. ಕೂಗು ಮುಗಿಯುವುದರೊಳಗೆ ಟ್ರೇಲರ್ ಖಾಲಿ. ಮೇಲೆ ಉಳಿದವರು ಇಬ್ಬರು ಪದಾಧಿಕಾರಿಗಳು. ಹಿರಿಯರು ಅರೀಬಾರನ್ನು ತರಾಟೆಗೆ ತೆಗೆದುಕೊಳ್ಳುತ್ತಿರುವಾಗಲೇ ಬ್ಯಾಂಡ್ ಶುರುವಾಗಿ ವ್ಯಾನು ಹೊರಟಿತು.

ಅಂಗಡಿ ಬೀದಿಯ ನಡುವೆ ಮುಬಶ್ಶಿರ್ ಮೊದಲ ಹಾರ್ನ್ ಹೊಡೆದರು. ಹೃಷಿಕೇಶ್ ಒಡನೆ ಹಳದಿ ಗುಂಡಿ ಒತ್ತಿದರು. ಅಧ್ಯಕ್ಷರು ಎರಡೂ ಕೈಯೆತ್ತಿ ಜನರಿಗೆ ನಮಸ್ಕರಿಸುತ್ತಿದ್ದರು. ಎರಡನೇ ಹಾರ್ನಿಗೆ ಅಧ್ಯಕ್ಷರು ಕೆಂಪು ಗುಂಡಿ ಒತ್ತಿದರು. ಅಷ್ಟರಲ್ಲಿ ಹೃಷಿಕೇಶ್ ಬೇಸರದಿಂದ ಕೈ ತೆಗೆದಿದ್ದರು. ಮೂರನೆಯದು ಹಾರ್ನಿನಂತಿರಲಿಲ್ಲ, ಅರಚಿದಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಒತ್ತಿ ಹೃಷಿಕೇಶ್!"

"ಪ್ರೋಟೊಕಾಲ್ ಪ್ರಕಾರ ಮೊದಲು ತಾವು ಸರ್!"

ವ್ಯಾನಿನ ಚಕ್ರಗಳು ನಿಂತಿದ್ದವು, ಆದರೆ ಹಿಂದಿನಿಂದ ಟ್ರೇಲರ್ ದೂಡುತ್ತಲೇ ಇತ್ತು. ಒದ್ದೆ ರಸ್ತೆಯಲ್ಲಿ ಎರಡೂ ಅಡ್ಡಡ್ಡ ಜಾರಿದವು. ಕೆಳಗೆ ಬ್ಯಾಂಡಿನವರು ತಮ್ಮ ಕೊಳಲು ಡೋಲುಗಳೊಂದಿಗೆ ಗೋಡೆಗೆ ಅಂಟಿಕೊಂಡರು. ಮುಬಶ್ಶಿರ್ ಸ್ಟೀರಿಂಗ್ ತಿರುಗಿಸಿ, ಬಂದರಿನಲ್ಲಿ ಒಟ್ಟಿದ್ದ ಬಲೆಗಳ ರಾಶಿಗೆ ವ್ಯಾನನ್ನು ನುಗ್ಗಿಸಿದರು. ಅಲ್ಲಿ ನಿಂತಿತು. ಇನ್ನೊಂದು ಮಾರು ಮುಂದೆ ಸಮುದ್ರ.

ಪದಾಧಿಕಾರಿಗಳು ಬಲೆಯ ಮೇಲೆ ಮೆತ್ತಗೆ ಬಿದ್ದರು. ಮುಬಶ್ಶಿರ್ ಅವರ ಮಣಿಕಟ್ಟು ಮುರಿದಿತ್ತು. ಓಡಿ ಬಂದ ಅರೀಬಾ ಬಾಗಿಲು ಕಿತ್ತು ತೆರೆದಾಗ ಅವರು ಬಿಳಿಚಿಕೊಂಡು ಕೂತಿದ್ದರು.

"ಹಾರ್ನ್ ಹೊಡೆದೆ ಅರೀಬಾ. ಮೂರು ಸಲ ಹೊಡೆದೆ."

"ಹೊಡೆದ್ರಿ. ಕೇಳಿಸ್ತು," ಎಂದು ಅರೀಬಾ ಅವರ ಭುಜಕ್ಕೆ ಹಣೆಯಿಟ್ಟು ಅತ್ತರು. ಇದನ್ನು ನಡಾವಳಿಯಲ್ಲಿ ದಾಖಲಿಸಿಲ್ಲ.

ತನಿಖೆಗೆ ನಿಷ್ಪಕ್ಷಪಾತ ಸಮಿತಿಯೊಂದು ರಚನೆಯಾಯಿತು. ಚಂದ್ರಶೇಖರ ಅದರ ಅಧ್ಯಕ್ಷರು, ಹೃಷಿಕೇಶ್ ಸದಸ್ಯರು. ಅವರು ಕಂಡುಕೊಂಡಿದ್ದಿಷ್ಟು: ಬ್ರೇಕ್ ವಿಫಲವಾಗಿಲ್ಲ, ಏಕೆಂದರೆ ಹಾಕದಿರುವ ಬ್ರೇಕ್ ವಿಫಲವಾಗಲು ಬರುವುದಿಲ್ಲ. ಸದರಿ ಇಳಿಜಾರಿಗೆ ಸಮಿತಿಯ ಪೂರ್ವಾನುಮತಿ ಇರಲಿಲ್ಲ. ಹಾರ್ನ್ ಮೂಲಕ ವಿನಂತಿಸಲು ಅವಕಾಶವಿದ್ದಾಗ್ಯೂ ಚಾಲಕರ ಮೂರನೇ ಹಾರ್ನ್ ಆಜ್ಞೆಯ ಧಾಟಿಯಲ್ಲಿದ್ದುದು ಖಂಡನೀಯ. ಮುಬಶ್ಶಿರ್ ಪ್ಲಾಸ್ಟರ್ ಹಾಕಿದ ಕೈಯಲ್ಲೇ ಕ್ಷಮಾಪಣೆ ಕೇಳಿದರು. ಅದನ್ನು ಉದಾರವಾಗಿ ಸ್ವೀಕರಿಸಲಾಯಿತು.

ಅರೀಬಾ ಎದ್ದು, ಪೆಡಲಿಗೆ ಒಂದೇ ಒಂದು ವೈರು ಸೇರಿಸಿದರೆ ಸಾಕೆಂದು ಮತ್ತೆ ಹೇಳಿದರು. ಸಲಹೆ ಅತಿ ಸರಳವಾಗಿದೆಯೆಂಬ ಕಾರಣಕ್ಕೆ ತಿರಸ್ಕೃತವಾಯಿತು. ಬದಲಿಗೆ ಒಮ್ಮೆ ಒತ್ತಿದರೆ ಒತ್ತಿಯೇ ಇರುವ, ಕೀಲಿಕೈ ಹಾಕಿ ತಿರುಗಿಸಿದರೆ ಮಾತ್ರ ಬಿಡುವ ಗುಂಡಿಗಳನ್ನು ತರುಣ್ ಅಳವಡಿಸಿದ. ಇಬ್ಬರು ಪದಾಧಿಕಾರಿಗಳಿಗೂ ಒಂದೊಂದು ಕೀಲಿಕೈ ಕೊಡಲಾಯಿತು.

ಮರುವರ್ಷ ಚರ್ಚಿನ ಮುಂದೆ, ಹೊರಡುವ ಮುಂಚೆಯೇ, ಇಬ್ಬರೂ ಮುನ್ನೆಚ್ಚರಿಕೆಗೆಂದು ಗಂಭೀರವಾಗಿ ಗುಂಡಿ ಒತ್ತಿದರು. ಟ್ರೇಲರಿನ ಚಕ್ರಗಳು ಕಚ್ಚಿಕೊಂಡವು. ಬ್ಯಾಂಡ್ ಶುರುವಾಯಿತು. ಯಾರು ಮೊದಲು ಕೀಲಿಕೈ ತಿರುಗಿಸುತ್ತಾರೋ ಅವರು ಅಧಿಕಾರ ಬಿಟ್ಟುಕೊಟ್ಟಂತೆ ಎಂಬ ಅಭಿಪ್ರಾಯ ಇಬ್ಬರಲ್ಲೂ ಇದ್ದುದರಿಂದ ಯಾರೂ ತಿರುಗಿಸಲಿಲ್ಲ. ಬ್ಯಾಟರಿ ಇಳಿಯಬಾರದೆಂದು ಮುಬಶ್ಶಿರ್ ಎಂಜಿನ್ ಚಾಲೂ ಇಟ್ಟು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತರು. ಕಿಟಕಿಯಿಂದ ಜನರಿಗೆ ಕೈ ಬೀಸಿದರು. ಮಕ್ಕಳು ಮೇಲೆ ನಿಶ್ಚಿಂತೆಯಿಂದ ಕೋಲಾಟ ಆಡಿದರು. ಉಳಿದ ಗಾಡಿಗಳು, ಟ್ರ್ಯಾಕ್ಟರುಗಳು, ಶಾಲೆಯ ಮಕ್ಕಳು ಟ್ರೇಲರಿನ ಪಕ್ಕದಿಂದ ಸುತ್ತಿಕೊಂಡು ಮುಂದೆ ಸಾಗಿದರು.

ಸಂಜೆ ಆಯೋಜಕರು ಅತ್ಯುತ್ತಮ ಚಲಿಸುವ ಸ್ತಬ್ಧಚಿತ್ರದ ಬಹುಮಾನವನ್ನು ಬಳಗಕ್ಕೆ ಘೋಷಿಸಿ, ಸುರಕ್ಷತೆಯ ಬಗ್ಗೆ ಎರಡು ಒಳ್ಳೆಯ ಮಾತನ್ನೂ ಸೇರಿಸಿದರು. ಅಧ್ಯಕ್ಷರು ತಾವು ನಿಂತಲ್ಲಿಂದಲೇ ಧನ್ಯವಾದ ಹೇಳಿದರು. ಕಾರ್ಯದರ್ಶಿಯವರೂ ನಿಂತಲ್ಲಿಂದಲೇ ಹೇಳಿದರು. ಮಳೆ ಜೋರಾಯಿತು. ಮಕ್ಕಳು ಮನೆಗೆ ಹೋದರು.

ಹಳದಿ ಜಾಕೆಟ್ಟಿನ ಸ್ವಯಂಸೇವಕನೊಬ್ಬ ರಸ್ತೆಯ ತಡೆಗಂಬಗಳನ್ನು ಎತ್ತಿಡುತ್ತ ಬಂದವನು, ವ್ಯಾನಿನ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಅರೀಬಾರನ್ನು ಈ ಗಾಡಿ ಯಾವಾಗ ಹೊರಡುತ್ತದೆಂದು ಕೇಳಿದ.

ಅರೀಬಾ ಒಮ್ಮೆ ಟ್ರೇಲರಿನ ಕಡೆ ನೋಡಿದರು. ಒಮ್ಮೆ ಸೀಟಿನಲ್ಲಿ ನಗುತ್ತ ಕೂತಿದ್ದ ಗಂಡನ ಕಡೆ ನೋಡಿದರು.

"ಇವರೆಲ್ಲರ ಲೆಕ್ಕದಲ್ಲಿ ಹೊರಟಾಗಿದೆ," ಎಂದರು.

"ಗ್ರ್ಯಾಂಡ್," ಎಂದು ಅವನು ತಡೆಗಂಬಗಳನ್ನು ಗಾಡಿಯ ಸುತ್ತ ಜೋಡಿಸಿ ಹೋದ.