ಅಮ್ಮನ ಕಪ್ಪು, ನನ್ನ ಪ್ಯಾಕಿಂಗು

ಸಾಮಾನು ಸಾಗಿಸುವ ಕಂಪನಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಆಗಿರುವ ನನಗೆ ಊರಿನಲ್ಲೆಲ್ಲ ಒಳ್ಳೆಯ ಹೆಸರಿದೆ, ಮನೆಯಲ್ಲಿ ಮಾತ್ರ ಇಲ್ಲ. ಆಳೆತ್ತರದ ಕನ್ನಡಿ, ಮೀನಿನ ತೊಟ್ಟಿ, ಹಲ್ಲಿನ ಡಾಕ್ಟರೊಬ್ಬರು ಪ್ರಾಣದಂತೆ ಕಾಪಾಡಿಕೊಂಡಿದ್ದ ದವಡೆಯ ಅಚ್ಚುಗಳು, ಎಲ್ಲವೂ ನನ್ನ ಕೈಯಲ್ಲಿ ಒಂದು ಗೀರೂ ಬೀಳದೆ ಗುರಿ ಮುಟ್ಟಿವೆ. ಇಂಥ ನಾನು ನಮ್ಮದೇ ಮನೆ ಬದಲಾಯಿಸುವ ದಿನ ಶೋಕೇಸಿನ ಬಾಗಿಲು ತೆಗೆದರೆ ಹೆಂಡತಿ ಓಡಿ ಬಂದು ಅಡ್ಡ ನಿಂತಳು.

"ಅದನ್ನ ಮುಟ್ಬೇಡಿ. ಅತ್ತೆ ಕೊಟ್ಟ ಕಪ್ಪು ಅವು. ನಾನೇ ಮಡಿಲಲ್ಲಿ ಇಟ್ಕೊಂಡು ಬಸ್ಸಲ್ಲಿ ತರ್ತೀನಿ."

ಆ ಕಪ್ಪುಗಳ ಚರಿತ್ರೆ ಹೇಳಲೇಬೇಕು. ನಾವು ಬೇರೆ ಮನೆ ಮಾಡಿದಾಗ ಅಮ್ಮ ತನ್ನ ಬೀರುವಿನಿಂದ ತೆಗೆದುಕೊಟ್ಟ ಪಿಂಗಾಣಿ ಸೆಟ್ಟು ಅದು. ಒಂದು ಟೀಪಾಟು, ಆರು ಕಪ್ಪು, ಅಂಚಿನಲ್ಲಿ ನೀಲಿ ಹೂವು. ಕೊಡುವಾಗ ಅಮ್ಮ ಸುಮ್ಮನಿರದೆ, "ಇಷ್ಟು ವರ್ಷ ನಾನು ಜೋಪಾನ ಮಾಡಿದೀನಿ, ಇನ್ನು ನಿನ್ನ ಕೈಗುಣ" ಎಂದುಬಿಟ್ಟಳು. ಆ ಒಂದು ಮಾತಿಗೆ ಹೆದರಿ ನನ್ನ ಹೆಂಡತಿ ಅವುಗಳಲ್ಲಿ ಒಂದು ಗುಟುಕೂ ಚಹಾ ಕುಡಿದವಳಲ್ಲ. ಅಮ್ಮನೂ ಅಷ್ಟೇ, ಬಂದಾಗಲೆಲ್ಲ ಮೊದಲು ಶೋಕೇಸಿನ ಕಡೆ ಕಣ್ಣು ಹಾಯಿಸಿ ಆಮೇಲೆ ಸೊಸೆಯ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಇಬ್ಬರೂ ಬಹಳ ನಯವಾಗಿಯೇ ಮಾತಾಡುತ್ತಿದ್ದರು. (ಎಷ್ಟು ನಯವೆಂದರೆ, ಮಧ್ಯೆ ಕಾಲಿಟ್ಟು ಜಾರಿ ಬೀಳುತ್ತಿದ್ದವನು ನಾನು.) ಈಗ ಹೊಸ ಮನೆಗೆ ಹೋದ ಮರುದಿನವೇ ಅಮ್ಮ ಬರುವವಳಿದ್ದಳು. ಅದೇ ಕಪ್ಪಿನಲ್ಲಿ ಚಹಾ ಕುಡಿಯುತ್ತೇನೆಂದು ಫೋನಿನಲ್ಲಿ ಬೇರೆ ಹೇಳಿದ್ದಳು.

"ಒಂದು ಒಡೆದ್ರೂ ಅತ್ತೆಗೆ ನಾನು ಮುಖ ತೋರಿಸೋ ಹಾಗಿಲ್ಲ," ಎಂದಳು ಹೆಂಡತಿ.

"ಒಡೆದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ."

"ನಿಮ್ಮ ಹೆಸರು ಬದಲಾಯಿಸಿದ್ರೆ ಕಪ್ಪು ಕೂಡ್ಕೊಳ್ಳುತ್ತಾ?"

ಅದೃಷ್ಟವಶಾತ್ ಹೊಸ ಮನೆ ಗುಡಿಸಿ ಒರೆಸಲು ಪೊರಕೆ, ಬಕೆಟ್ಟು ಹಿಡಿದು ಅವಳು ಮುಂಚೆಯೇ ಹೊರಡಬೇಕಾಯಿತು, ಕಪ್ಪು ಹಿಡಿಯಲು ಕೈ ಉಳಿಯಲಿಲ್ಲ. ಸಾಮ್ರಾಜ್ಯ ನನ್ನ ಕೈಗೆ ಬಂತು. ಆದರೆ ಕಂಪನಿಯಿಂದ ತಂದಿದ್ದ ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆಯೆಲ್ಲ ಟಿವಿಗೂ ಫ್ರಿಜ್ಜಿಗೂ ಮುಗಿದುಹೋಗಿತ್ತು. ಮೆತ್ತನೆಯದೇನಾದರೂ ಸಿಕ್ಕೀತೆಂದು ಮಂಚದ ಕೆಳಗೆ ತೂರಿದಾಗ ಗೋಡೆಯ ಮೂಲೆಯಲ್ಲಿ ಒಂದು ಚೀಲ ಕಂಡಿತು. ಒಳಗೆ ಬೂದುಬಣ್ಣದ ಉಣ್ಣೆಯ ಬಟ್ಟೆ, ಅದಕ್ಕೆ ಸಿಕ್ಕಿಸಿದ್ದ ಎರಡು ಉದ್ದನೆಯ ಕಡ್ಡಿ. ಚೂಪಾದದ್ದು ಪಿಂಗಾಣಿಯ ಹತ್ತಿರವೂ ಸುಳಿಯಬಾರದು, ಇದು ನಮ್ಮ ಕಸುಬಿನ ಮೊದಲ ಪಾಠ. ಕಡ್ಡಿಗಳನ್ನು ಕಿತ್ತು ಕಿಟಕಿಯಲ್ಲಿಟ್ಟೆ.

ಬಟ್ಟೆಯ ಮೂಲೆಯಿಂದ ಒಂದು ದಾರ ಇಳಿಬಿದ್ದಿತ್ತು. ಎಳೆದೆ, ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಗೋದಾಮಿನಲ್ಲಿ ಒಂದು ಉಂಡೆ ದಾರಕ್ಕೆ ಮೇಲಿನವರ ಕೈಕಾಲು ಹಿಡಿಯುವ ನನಗೆ ಈ ಅಕ್ಷಯ ದಾರವನ್ನು ಕಂಡು ಹೃದಯ ತುಂಬಿ ಬಂತು. ಕತ್ತರಿ ಆಗಲೇ ಯಾವುದೋ ಪೆಟ್ಟಿಗೆ ಸೇರಿದ್ದರಿಂದ ಎಲ್ಲೂ ತುಂಡರಿಸದೆ, ಒಂದೇ ಎಳೆಯಲ್ಲಿ ಆರೂ ಕಪ್ಪುಗಳನ್ನು ರೇಷ್ಮೆಗೂಡಿನಂತೆ ಸುತ್ತಿದೆ. ಬಟ್ಟೆ ಯಾಕೋ ಚಿಕ್ಕದಾಗುತ್ತಿದೆ ಅನ್ನಿಸಿತು ನಿಜ. ಕೆಲಸದ ಹುರುಪಿನಲ್ಲಿ ಅಂಥದ್ದನ್ನೆಲ್ಲ ಯಾರು ಗಮನಿಸುತ್ತಾರೆ? ಉಳಿದ ತುಂಡನ್ನು ಟೀಪಾಟಿನೊಳಗೆ ತುರುಕಿದೆ.

ಮರುದಿನ ಅಮ್ಮ ಬಂದು ಮೇಜಿನ ಮುಂದೆ ಕೂತಳು. ಹೆಂಡತಿ ಒಲೆಯ ಮೇಲೆ ನೀರಿಟ್ಟು ಬಂದು ನಿಂತಳು. ನಾನು ಪೆಟ್ಟಿಗೆ ಬಿಚ್ಚಿ ಮೊದಲನೆಯದನ್ನು ಎತ್ತಿದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ರೈಲಿನ ಡಬ್ಬಿಗಳಂತೆ ಸಾಲಾಗಿ ಹೊರಬಂದವು.

"ಒಂದಾದ್ರೂ ಬಿರುಕು ಬಿಟ್ಟಿದೆಯಾ ನೋಡಮ್ಮ," ಎಂದೆ ಎದೆಯುಬ್ಬಿಸಿ.

ಹೆಂಡತಿ ಕಪ್ಪುಗಳನ್ನು ನೋಡುತ್ತಲೇ ಇರಲಿಲ್ಲ. "ರೀ, ಈ ನೂಲು ಎಲ್ಲಿ ಸಿಕ್ತು ನಿಮಗೆ?"

"ಮಂಚದ ಕೆಳಗೆ. ಯಾವುದೋ ಹಳೇ ಬಟ್ಟೆ."

"ಅದಕ್ಕೆ ಕಡ್ಡಿ ಇತ್ತಲ್ಲ?"

"ಕಿತ್ತುಬಿಟ್ಟೆ. ಕಪ್ಪಿಗೆ ತಾಗಬಾರದು ಅಂತ."

ಅವಳು ಟೀಪಾಟಿನೊಳಗಿಂದ ಅಂಗೈಯಗಲದ ತುಂಡನ್ನು ಎಳೆದು ತೆಗೆದಳು. ಕಣ್ಣಲ್ಲಿ ನೀರು ತುಂಬಿತು. "ನಿಮಗೆ ಅಂತ ಹೆಣೀತಿದ್ದೆ ಅತ್ತೆ, ಶಾಲು. ಭುಜಕ್ಕೆ ಚಳಿ ಅಂದಿದ್ರಲ್ಲ ಆವತ್ತು. ಇನ್ನೊಂದು ಗೇಣು ಆಗಿದ್ರೆ ಮುಗೀತಿತ್ತು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಕೆಲಸಕ್ಕೆ ಹೋದ ಮೇಲೆ, ನನಗೂ ಹೇಳದೆ, ಅವಳು ನನ್ನ ಅಮ್ಮನಿಗಾಗಿ ಹೆಣೆದಿದ್ದನ್ನು ನಾನು ಬಿಚ್ಚಿ ಕಪ್ಪಿಗೆ ಸುತ್ತಿದ್ದೆ. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಅಮ್ಮ ಆ ತುಂಡನ್ನು ಮಗುಚಿ ನೋಡಿದಳು. "ಎಷ್ಟು ಒಂದೇ ಸಮ ಬಂದಿದೆ ಹೆಣಿಗೆ," ಎಂದಳು ಮೆಲ್ಲಗೆ. "ನನಗೇನಮ್ಮ ಇದು? ಬಾ ಇಲ್ಲಿ." ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಭರದಲ್ಲಿ ಮೊಣಕೈ ತಗಲಿ ಒಂದು ಕಪ್ಪು ನೂಲಿನ ಗೂಡಿನಿಂದ ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಹೆಂಡತಿ ಬೆಚ್ಚಿಬಿದ್ದಳು. ನನ್ನ ಕೀರ್ತಿಯೆಲ್ಲ ಆ ಚೂರುಗಳಲ್ಲಿತ್ತು.

"ಹೋಗ್ಲಿ ಬಿಡಮ್ಮ, ಕಪ್ಪು ತಾನೆ," ಎಂದಳು ಅಮ್ಮ. "ನೀನು ಕೂತ್ಕೋ, ಕಾಲಿಗೆ ಚುಚ್ಚೀತು. ಚೂರೆಲ್ಲ ಅವನು ಬಳೀತಾನೆ."

ಬಳಿದೆ. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿ, ನೂಲನ್ನು ಅವಕ್ಕೆ ಸುತ್ತಿದರು. ಹೆಂಡತಿ ಕಪ್ಪುಗಳಿಂದ ಬಿಚ್ಚಿ ನನ್ನ ಕೈಗೆ ಸುತ್ತುವುದು, ಅಮ್ಮ ನನ್ನ ಕೈಯಿಂದ ಎಳೆದು ಉಂಡೆ ಕಟ್ಟುವುದು.

"ಚಿಕ್ಕವನಿದ್ದಾಗಲೂ ಹೀಗೇ ಇವನು. ರೇಡಿಯೋ ರಿಪೇರಿ ಮಾಡ್ತೀನಿ ಅಂತ ಬಿಚ್ಚಿ ಬಕೆಟ್ಟಿಗೆ ಹಾಕಿದ್ದ."

"ನಮ್ಮ ಮಿಕ್ಸಿಗೂ ಅದೇ ಗತಿ ಅತ್ತೆ."

ಇವರಿಬ್ಬರಿಗೂ ಒಂದು ವಿಷಯದಲ್ಲಾದರೂ ಒಮ್ಮತ ಬರಲಿ ಎಂದು ನಾನು ಎಷ್ಟೋ ಸಲ ಹಾರೈಸಿದ್ದೆ. ಆ ವಿಷಯ ನಾನೇ ಆಗುತ್ತೇನೆಂದು ತಿಳಿದಿರಲಿಲ್ಲ.

"ಶಾಲು ಮುಗಿಯೋವರೆಗೂ ಇಲ್ಲೇ ಇರ್ತೀನಿ," ಎಂದಳು ಅಮ್ಮ.

"ಇರಿ ಅತ್ತೆ. ನಿಧಾನವಾಗಿ ಹೆಣೆಯೋಣ, ಅವಸರ ಏನು?"

ಹೆಂಡತಿ ನೀಲಿ ಹೂವಿನ ಕಪ್ಪುಗಳನ್ನು ತೊಳೆದು, ಅವುಗಳಲ್ಲಿ ಮೊದಲ ಸಲ ಚಹಾ ಸುರಿದಳು. ಅತ್ತೆಗೊಂದು, ತನಗೊಂದು. ನಾನು ಕೈ ಚಾಚಿಕೊಂಡೇ ಕೆಮ್ಮಿದೆ. "ನನಗೆ?"

ಪಾಪ ಅನ್ನಿಸಿರಬೇಕು, ಅವಳು ಮೂರನೆಯ ಕಪ್ಪಿಗೆ ಕೈ ಹಾಕಿದಳು. ಅಮ್ಮ ತಡೆದಳು.

"ಅವನಿಗೆ ಸ್ಟೀಲ್ ಲೋಟದಲ್ಲಿ ಕೊಡಮ್ಮ. ನಾಜೂಕಿನ ಸಾಮಾನು ಅವನ ಕೈಗೆ ಕೊಡೋ ಹಾಗಿಲ್ಲ."