ತಾಳ್ಮೆ ಮೇಷ್ಟ್ರ ತಪಾಸಣೆ

ಬೋರ್ಡಿನ ಬಣ್ಣ ಇನ್ನೂ ಒಣಗಿರಲಿಲ್ಲ. ಆಗಿದ್ದ ತಪ್ಪು ಇಷ್ಟೇ.

ಪರಿಹಾರ ತರಬೇತಿ ಕೇಂದ್ರದ ಸ್ಟೋರಿನವನು ಬೆಳಿಗ್ಗೆ ಬಂದವನೇ ಒಂದು ತಗಡಿನ ಮೇಲೆ ದಪ್ಪ ಕೆಂಪಕ್ಷರದಲ್ಲಿ ‘ಅಣಕು’ ಎಂದು ಬರೆದ. ಅದರ ಕೆಳಗೆ ‘ತಪಾಸಣೆ ನಡೆಯುತ್ತಿದೆ’ ಎಂದು ಬರೆದ. ಅದರ ಕೆಳಗೆ ‘ಸಹಕರಿಸಿ’. ಬರೆದದ್ದರ ಮೇಲೆ ಧೂಳು ಕೂರಬಾರದೆಂದು ಬೋರ್ಡನ್ನು ಹಿಂದಿನ ಓಣಿಯ ಗೋಡೆಗೆ ಮುಖ ಮಾಡಿ ಒರಗಿಸಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿ ಚಹಾ ಕುಡಿಯಲು ಹೋದ.

ಆ ಕೇಂದ್ರದಲ್ಲಿ ನೆರೆ, ಭೂಕಂಪ, ಗಲಭೆ ಆದ ಕಡೆಗೆ ನೆರವು ಒಯ್ಯುವವರನ್ನು ತಯಾರು ಮಾಡುತ್ತಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಲು ಒಬ್ಬರಿದ್ದರು, ಡೇರೆ ಹಾಕಿಸಲು ಒಬ್ಬರಿದ್ದರು, ಕೊಳಕು ನೀರನ್ನು ಕುಡಿಯಲು ಬರುವಂತೆ ಶುದ್ಧ ಮಾಡುವುದನ್ನು ಹೇಳಿಕೊಡಲು ಇನ್ನೊಬ್ಬರು. ತಾಳ್ಮೆ ಕಲಿಸಲು ಇದ್ದವರು ನಮ್ಮ ಮೇಷ್ಟ್ರು. ದಾರಿಯಲ್ಲಿ ಯಾರೋ ಒರಟ ಲಾರಿ ತಡೆದು ಕೂಗಾಡಿದರೆ ಏನು ಮಾಡಬೇಕು ಎಂಬುದು ಅವರ ವಿಷಯ. “ಕೈ ಕಾಣೋ ಹಾಗೆ ಇಟ್ಕೊಳ್ಳಿ. ದನಿ ಏರಿಸಬೇಡಿ. ಕೋಪ ಬಂತು ಅನಿಸಿದ ಕೂಡಲೇ ಮೂರು ಸಲ ಉಸಿರು ಎಳೆದು ಬಿಡಿ,” ಎಂದು ಅವರು ಹೇಳುವಾಗ ಹಿಂದಿನ ಬೆಂಚಿನವರಿಗೆ ನಿದ್ದೆ ಹತ್ತುತ್ತಿತ್ತು. ಅದನ್ನು ಕಂಡರೂ ಅವರಿಗೆ ಕೋಪ ಬರುತ್ತಿರಲಿಲ್ಲ. ಹಾಗಾಗಿಯೇ ಎಲ್ಲರೂ ಅವರನ್ನು ತಾಳ್ಮೆ ಮೇಷ್ಟ್ರು ಎನ್ನುತ್ತಿದ್ದರು. ಕೆಲಸಕ್ಕೆ ಸೇರಿ ವರ್ಷಗಳಾದರೂ ಇನ್ನೂ ತಾತ್ಕಾಲಿಕ. ಅದಕ್ಕೂ ಅವರು ಉಸಿರು ಎಳೆದು ಬಿಟ್ಟುಕೊಂಡೇ ಇದ್ದರು.

ಆ ದಿನ ಕೊನೆಯ ಪರೀಕ್ಷೆ. ದೂರದಲ್ಲೆಲ್ಲೋ ಭೂಮಿ ನಡುಗಿ ಊರಿಗೆ ಊರೇ ಬಯಲಲ್ಲಿ ಕೂತಿತ್ತು. ಪಾಸಾದವರು ಮರುದಿನವೇ ಅಲ್ಲಿಗೆ ಹೊರಡಬೇಕು. ಶಿಬಿರಾರ್ಥಿಗಳು ಲಾರಿಯಲ್ಲಿ ಕಂಬಳಿ ತುಂಬಿಕೊಂಡು ಓಣಿಗೆ ಬರುವುದು, ಅಲ್ಲೊಂದು ಸುಳ್ಳು ಗೇಟು ಅಡ್ಡ ಸಿಗುವುದು, ಗೇಟಿನ ಅಧಿಕಾರಿ ಅವರನ್ನು ಬಾಯಿಗೆ ಬಂದಂತೆ ಬಯ್ಯುವುದು, ಅವರು ತಾಳ್ಮೆಗೆಡದೆ ಪಾರಾಗುವುದು. ಮುಖ್ಯ ಕಚೇರಿಯ ಸಾಹೇಬರು ಅದೇ ಲಾರಿಯಲ್ಲಿ ಕೂತು ಅಂಕ ಹಾಕುತ್ತಾರೆ.

ಪ್ರತಿ ಸಲ ಬಯ್ಯುವ ಅಧಿಕಾರಿಯಾಗುತ್ತಿದ್ದವನು ಕೇಂದ್ರದ ಕಾವಲುಗಾರ. ಅವನಿಗೆ ಹುಟ್ಟಿನಿಂದಲೇ ಆ ಕಲೆ ಒಲಿದಿತ್ತು. ಆದರೆ ಅವತ್ತು ಹಲ್ಲುನೋವಿನಿಂದ ಅವನ ದವಡೆ ಬನ್ನಿನ ಹಾಗೆ ಊದಿ, ಬಾಯಿಂದ ಬೈಗುಳದ ಬದಲು ಗಾಳಿ ಮಾತ್ರ ಬರುತ್ತಿತ್ತು.

“ನೀವೇ ನಿಂತುಬಿಡಿ ಮೇಷ್ಟ್ರೇ,” ಎಂದರು ಕೇಂದ್ರದ ಮುಖ್ಯಸ್ಥೆ ಮೇಡಂ. “ಇವತ್ತು ಚೆನ್ನಾಗಿ ಆದ್ರೆ ನಿಮ್ಮನ್ನ ಕಾಯಂ ಮಾಡೋ ವಿಷ್ಯ ಸಾಹೇಬರ ಕಿವಿಗೆ ಹಾಕ್ತೀನಿ.”

“ನನಗೆ ಬಯ್ಯೋಕೆ ಬರಲ್ಲ ಮೇಡಂ.”

“ಸುಮ್ನೆ ತಿರಸ್ಕರಿಸ್ತಾ ಹೋಗಿ. ಸೀಲು ಇದೆಯಲ್ಲ.”

ಹೀಗೆ ಮೇಷ್ಟ್ರು ಕಾವಲುಗಾರನ ಖಾಕಿ, ಟೋಪಿ ತೊಟ್ಟು ಓಣಿಗೆ ಬಂದರು. ಪ್ಯಾಂಟು ಎಷ್ಟು ಸಡಿಲವಾಗಿತ್ತೆಂದರೆ ಅವರು ತಿರುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಅದು ತಿರುಗುತ್ತಿತ್ತು. ಅಡ್ಡಕ್ಕೆ ಕೆಂಪು ಬಿಳಿ ಬಳಿದ ಒಂದು ಬೊಂಬು, ಪಕ್ಕದಲ್ಲಿ ಮರಳಿನ ಚೀಲಗಳು, ಒಂದು ಮೇಜು, ಮೇಜಿನ ಮೇಲೆ ಒಂದೇ ಒಂದು ಸೀಲು. ಅದರಲ್ಲಿ ‘ತಿರಸ್ಕರಿಸಲಾಗಿದೆ’ ಎಂದು ಕೆತ್ತಿತ್ತು. ಒಪ್ಪಿಕೊಳ್ಳುವ ಸೀಲು ಅಣಕು ಗೇಟಿಗೆ ಬೇಕಾಗಿರಲಿಲ್ಲ.

ಯಾವಾಗಲೂ ನಾಯಿ ಮಲಗುವ ಓಣಿ ಅದು. ಆದರೆ ಅದೇ ಹೊತ್ತಿಗೆ ದೊಡ್ಡ ರಸ್ತೆಯಲ್ಲಿ ನೀರಿನ ಪೈಪು ಒಡೆದು, ಅಲ್ಲಿನ ವಾಹನಗಳೆಲ್ಲ ಓಣಿಗೆ ತಿರುಗಿದವು.

ಮೊದಲು ಬಂದದ್ದು ಹಾಲಿನ ವ್ಯಾನು. ಬೊಂಬಿನ ಮುಂದೆ ಬ್ರೇಕು ಹಾಕಿದ ಡ್ರೈವರ್ ತಲೆ ಹೊರಗೆ ಹಾಕಿ, “ಏನ್ ತೋರಿಸ್ಬೇಕು ಸಾರ್?” ಎಂದ.

“ಏನೂ ಬೇಡಪ್ಪ. ಇದು ನಿಜವಾದ ಗೇಟಲ್ಲ. ನೀನು ಹೊರಡು,” ಎಂದು ಮೇಷ್ಟ್ರು ಬೊಂಬನ್ನು ಎತ್ತಿದರು.

ಡ್ರೈವರ್ ಹೊರಡಲಿಲ್ಲ. ಕೆಳಗಿಳಿದ. “ಇಲ್ಲಿ ನಿಜವಾದ ಗೇಟಲ್ಲ ಅಂತ ಬಿಟ್ಟುಬಿಡ್ತೀರ. ಮುಂದಿನ ತಿರುವಲ್ಲಿ ನಿಮ್ಮೋರೇ ಇನ್ನೊಬ್ರು ಹಿಡಿದು, ಅಲ್ಲಿ ಯಾಕೆ ತೋರಿಸ್ಲಿಲ್ಲ ಅಂತಾರೆ. ನಂಗೆ ಹಿಂಗೇ ಒಂದ್ಸಲ ಆಗಿದೆ.”

“ಮುಂದೆ ಯಾರೂ ಇಲ್ಲ.”

“ಹಿಡಿಯೋರು ಮೊದ್ಲೇ ಕಾಣಿಸ್ಕೊಳ್ತಾರಾ ಸಾರ್? ಒಂದು ಸೀಲು ಒತ್ತಿ ಕೊಡಿ, ನನ್ನ ಪಾಡಿಗೆ ನಾನು ಹೋಗ್ತೀನಿ.”

ತೊಲಗಿದರೆ ಸಾಕೆಂದು ಮೇಷ್ಟ್ರು ಅವನ ಚೀಟಿಯ ಮೇಲೆ ಸೀಲು ಒತ್ತಿದರು. ಡ್ರೈವರ್ ಓದಿದ. ಅವನ ಮುಖ ಕಾದ ಬಾಣಲೆಗೆ ಬಿದ್ದ ಬೆಣ್ಣೆಯ ಹಾಗೆ ಇಳಿದುಹೋಯಿತು.

“ನಾನೇನು ತಪ್ಪು ಮಾಡ್ದೆ ಸಾರ್?”

“ಏನೂ ಮಾಡಿಲ್ಲಪ್ಪ. ಅದು ಸುಮ್ನೆ.”

“ಸುಮ್ಸುಮ್ನೆ ತಿರಸ್ಕರಿಸ್ತಾರಾ?” ಎಂದು ಅವನು ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಮರಳಿನ ಚೀಲದ ಮೇಲೆ ಕೂತುಬಿಟ್ಟ. ಕಾರಣ ತಿಳಿಯದೆ ಕದಲುವುದಿಲ್ಲವಂತೆ.

ಹಾಲಿನವನನ್ನೇ ತಿರಸ್ಕರಿಸಿದರಂತೆ ಎಂಬ ಸುದ್ದಿ ಹಿಂದಿನ ವಾಹನಗಳಿಗೆ ದಾಟಿತು. ಹಿಂದಿನವರು ತಮ್ಮ ತಮ್ಮ ಕಾಗದಗಳನ್ನು ಹುಡುಕತೊಡಗಿದರು. ಕೆಲವರು ಮನೆಗೆ ಫೋನು ಮಾಡಿ, ಕಪಾಟಿನಲ್ಲಿರುವುದನ್ನೆಲ್ಲ ತರಲು ಹೇಳಿದರು.

ಆಗ ಓಣಿಯ ಮೊದಲ ಮನೆಯ ಬಾಗಿಲು ತೆರೆದು, ಕಂಕುಳಲ್ಲಿ ಸ್ಟೂಲು ಇಟ್ಟುಕೊಂಡು ನಿವೃತ್ತ ಹೆಡ್ ಕ್ಲಾರ್ಕರು ಹೊರಬಂದರು. ಬದುಕಿಡೀ ಕೌಂಟರಿನ ಹಿಂದೆ ಕೂತು ಜನರ ಬೈಗುಳ ತಿಂದ ಮನುಷ್ಯ. ನಿವೃತ್ತಿಯಾದ ಮೇಲೆ ಸಾಲು ಎಂಬುದನ್ನೇ ಕಾಣದೆ ಸೊರಗಿದ್ದರು. ಓಣಿಯ ತುಂಬ ನಿಂತ ವಾಹನಗಳನ್ನು ಕಂಡು ಅವರ ಮುಖಕ್ಕೆ ಕಳೆ ಬಂತು.

“ನಿಮ್ಮ ಹತ್ರ ಒಂದು ಪದ್ಧತಿನೇ ಇಲ್ವಲ್ಲ ಸ್ವಾಮಿ,” ಎಂದು ಅವರು ಮೇಜಿನ ಪಕ್ಕದಲ್ಲಿ ಸ್ಟೂಲು ಹಾಕಿದರು. “ನೀವು ಹೊಸಬರು ಅಂತ ಕಾಣುತ್ತೆ. ಚಿಂತೆ ಬೇಡ, ನಾನಿದ್ದೀನಿ.”

“ರಾಯರೇ, ಇದು ನಿಜವಾದ ಗೇಟಲ್ಲ. ಅಣಕು.”

“ಗೇಟಲ್ಲಿ ನಿಂತವರು ಹಂಗೆಲ್ಲ ಮಾತಾಡಬಾರ್ದು. ಜನಕ್ಕೆ ಸದರ ಆಗುತ್ತೆ.”

ನೋಡನೋಡುತ್ತಿದ್ದಂತೆ ಅವರು ಸ್ಕೂಟರಿಗೆ ಒಂದು ಸಾಲು, ಕಾರಿಗೆ ಒಂದು ಸಾಲು, ವಯಸ್ಸಾದವರಿಗೆ ಬೊಂಬಿನ ಆಚೆ ನೆರಳಿನಲ್ಲಿ ಒಂದು ಸಾಲು ಮಾಡಿಬಿಟ್ಟರು. ಮೂರೂ ಸಾಲುಗಳು ಸೇರಿ ಓಣಿ ಬಿರಡೆ ಹಾಕಿದ ಸೀಸೆಯಾಯಿತು. ಈಗ ಹಾಲಿನವನಿಗೆ ಮನಸ್ಸಾದರೂ ಹೋಗಲು ಜಾಗವಿರಲಿಲ್ಲ.

ಮೇಷ್ಟ್ರು ಮೂರು ಸಲ ಉಸಿರು ಎಳೆದು ಬಿಟ್ಟು, ಒಂದು ಕಾರನ್ನಾದರೂ ಪಕ್ಕದಿಂದ ನುಸುಳಿಸೋಣವೆಂದು ಕೈ ಬೀಸಿದರು. ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿ ಗಾಜು ಇಳಿಸಿದರು.

“ಯಾಕಪ್ಪ, ನಮ್ಮ ಡಿಕ್ಕಿ ತೆಗೆದು ನೋಡಲ್ವಾ?”

“ಬೇಡ ಅಜ್ಜಿ, ನೀವು ಹೋಗಿ.”

“ಮುಂದಿನವನಿಗೆ ಸೀಲು ಒತ್ತಿದ್ಯಂತೆ. ನಾವೇನು ಅಷ್ಟು ಕಡೆಯಾಗಿಬಿಟ್ವಾ? ನಿಲ್ಲಿಸೋ ಕಾರು,” ಎಂದು ಮೊಮ್ಮಗನ ಬೆನ್ನಿಗೆ ಗುದ್ದಿದರು.

ಮೇಷ್ಟ್ರು ಡಿಕ್ಕಿ ನೋಡಿದರು. ಒಂದು ಛತ್ರಿ, ಒಂದು ಹಳೆಯ ಟೈರು. “ಸರಿಯಾಗಿ ನೋಡು, ಟೈರಿನ ಕೆಳಗೂ ನೋಡು,” ಎಂದರು ಅಜ್ಜಿ. ಕೆಳಗೂ ನೋಡಿದರು. ಅಜ್ಜಿಗೆ ತೃಪ್ತಿಯಾಯಿತು. ಆದರೆ ಡಿಕ್ಕಿ ಮತ್ತೆ ಮುಚ್ಚಿಕೊಳ್ಳಲಿಲ್ಲ.

ಮೇಷ್ಟ್ರು ಗೋಡೆಯ ಮರೆಗೆ ಹೋಗಿ ಮೇಡಂಗೆ ಫೋನು ಮಾಡಿದರು. “ಮೇಡಂ, ಇಲ್ಲಿ ನಿಜವಾದ ಜನ ಬಂದ್ಬಿಟ್ಟಿದಾರೆ. ಯಾರಾದ್ರೂ ಬಂದು...”

“ಮೇಷ್ಟ್ರೇ, ಅಣಕು ಶುರುವಾದ ಮೇಲೆ ಏನೇ ಆದ್ರೂ ಪಾತ್ರ ಬಿಟ್ಟು ಹೊರಗೆ ಬರಬಾರ್ದು ಅಂತ ನಂಗೇ ಹೇಳಿಕೊಟ್ಟವರು ನೀವು. ಲಾರಿ ಆಗ್ಲೇ ಹೊರಟಿದೆ,” ಎಂದು ಮೇಡಂ ಫೋನಿಟ್ಟರು.

ಅಷ್ಟರಲ್ಲಿ ಮೇಷ್ಟ್ರ ಕಣ್ಣಿಗೆ ಗೋಡೆಗೊರಗಿದ ಬೋರ್ಡು ಬಿತ್ತು. ಕಾಡಿನಲ್ಲಿ ದಾರಿ ತಪ್ಪಿದವನಿಗೆ ದೀಪ ಕಂಡ ಹಾಗಾಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಎಲ್ಲರೂ ಓದ್ಕೊಳ್ಳಿ. ನಾನು ಹೇಳಿದ್ದನ್ನು ನಂಬಬೇಡಿ, ಇದನ್ನಾದ್ರೂ ನಂಬಿ,” ಎಂದರು.

ಹೆಡ್ ಕ್ಲಾರ್ಕರು ಕನ್ನಡಕ ಏರಿಸಿಕೊಂಡು ಎಲ್ಲರಿಗೂ ಕೇಳಿಸುವಂತೆ ಓದಿದರು. “ತಪಾಸಣೆ ನಡೆಯುತ್ತಿದೆ. ಸಹಕರಿಸಿ.”

ಮೇಷ್ಟ್ರು ಬೋರ್ಡು ತಿರುಗಿಸಿ ನೋಡಿದರು. ಗೋಡೆಗೆ ತಾಗಿದ್ದು ಮೇಲಿನ ಸಾಲು ಮಾತ್ರ. ‘ಅಣಕು’ ಎಂಬುದು ತಗಡನ್ನು ಬಿಟ್ಟು ಗೋಡೆಗೆ ಅಂಟಿಕೊಂಡು, ಅಲ್ಲಿ ಉಲ್ಟಾ ಅಕ್ಷರಗಳಲ್ಲಿ ನಗುತ್ತಿತ್ತು.

“ಸ್ಪಷ್ಟವಾಗಿ ಬರೆದಿದೆಯಲ್ಲ,” ಎಂದರು ಹೆಡ್ ಕ್ಲಾರ್ಕರು. “ಸಹಕರಿಸೋಣ. ಯಾರೂ ಗಲಾಟೆ ಮಾಡಬೇಡಿ. ಬೋರ್ಡನ್ನ ಇಲ್ಲಿ ಕೊಡಿ ಸ್ವಾಮಿ, ಎದುರಿಗೆ ಕಟ್ತೀನಿ.”

ಬಿಸಿಲು ನೆತ್ತಿಗೆ ಬಂತು. ಲಾರಿಯ ಸುಳಿವಿಲ್ಲ. ಇನ್ನು ಲಾರಿ ಬಂದರೂ ಬೊಂಬಿನವರೆಗೆ ಬರುವುದು ಹೇಗೆ? ಪರೀಕ್ಷೆ ನಡೆಯದಿದ್ದರೆ ಶಿಬಿರಾರ್ಥಿಗಳು ಹೊರಡುವಂತಿಲ್ಲ. ಅಲ್ಲಿ ಬಯಲಲ್ಲಿ ಕೂತವರಿಗೆ ಕಂಬಳಿ ಇಲ್ಲ, ಇಲ್ಲಿ ತಮಗೆ ನೌಕರಿ ಇಲ್ಲ. ಮೇಷ್ಟ್ರು ಮತ್ತೆ ಉಸಿರು ಎಳೆದರು. ಈ ಸಲ ಅದು ಮೂರಕ್ಕೆ ನಿಲ್ಲಲಿಲ್ಲ. ಕಮ್ಮಾರನ ತಿದಿಯ ಹಾಗೆ ಎದೆ ಏರುತ್ತ ಇಳಿಯುತ್ತ ಇತ್ತು.

ಅದೇ ಗಳಿಗೆಯಲ್ಲಿ ಸ್ಕೂಟರಿನ ಸಾಲಿನ ಮುಂದಕ್ಕೆ ಅವರ ಹೆಂಡತಿ ಬಂದು ನಿಂತಳು. ಕೈಯಲ್ಲಿ ಊಟದ ಡಬ್ಬಿ.

“ಅಬ್ಬ, ಬಂದ್ಯಾ? ನೀನಾದ್ರೂ ಹೇಳೇ ಇವರಿಗೆ, ನಾನು ಅಧಿಕಾರಿ ಅಲ್ಲ ಅಂತ. ಬಾ ಈ ಕಡೆ,” ಎಂದು ಮೇಷ್ಟ್ರು ಬೊಂಬು ಎತ್ತಿದರು.

ಅವಳು ಸುತ್ತ ನೋಡಿದಳು. ಇಡೀ ಸಾಲು ಅವಳನ್ನೇ ದುರುಗುಟ್ಟುತ್ತಿತ್ತು. “ಬೇಡಾರೀ,” ಎಂದಳು ತಗ್ಗಿದ ದನಿಯಲ್ಲಿ. “ಇಷ್ಟು ಜನ ಕಾಯ್ತಿರುವಾಗ ಹೆಂಡ್ತಿ ಅಂತ ಬಿಟ್ರೆ ನಾಳೆ ನಾನು ಊರಲ್ಲಿ ತಲೆ ಎತ್ತಿ ಓಡಾಡೋದು ಹೇಗೆ? ಎಲ್ಲರ ಹಾಗೆ ನನ್ನನ್ನೂ ಚೆಕ್ ಮಾಡಿ.”

“ತುಂಬಾ ಸರಿಯಾದ ಮಾತು ತಾಯಿ,” ಎಂದರು ಹೆಡ್ ಕ್ಲಾರ್ಕರು. “ಸ್ವಾಮಿ, ಡಬ್ಬಿ ಬಿಚ್ಚಿಸಿ. ಕೆಳಗಿನದೂ ನೋಡಿ.”

“ಸಾಕು,” ಎಂದರು ಮೇಷ್ಟ್ರು.

ಆ ಒಂದು ಮಾತು ಮೆಲ್ಲಗೇ ಬಂತು. ಅದರ ಹಿಂದೆ ಬಂದದ್ದು ಮಾತ್ರ ಇಷ್ಟು ವರ್ಷ ಎಳೆದಿಟ್ಟ ಉಸಿರೆಲ್ಲ ಒಟ್ಟಿಗೆ. “ಇದು ಗೇಟಲ್ಲ ಅಂದ್ರೆ ಗೇಟಲ್ಲ. ನಾನು ಅಧಿಕಾರಿ ಅಲ್ಲ ಅಂದ್ರೆ ಅಲ್ಲ. ಹೋಗಿ ಅಂದ್ರೆ ಹೋಗೋಕೆ ಏನ್ರೀ ಕಷ್ಟ ನಿಮಗೆ? ಒಂದು ಬೊಂಬು ಅಡ್ಡ ಇಟ್ರೆ ಸಾಕು, ಬುದ್ಧೀನ ಜೇಬಲ್ಲಿಟ್ಟು ಕಾಗದ ಹೊರಗೆ ತೆಗೀತೀರ. ಏ ಹಾಲಿನೋನೇ, ಮೊಸರಾಯ್ತೇನೋ ನಿನ್ನ ಹಾಲು? ಅಜ್ಜೀ, ನಿಮ್ಮ ಟೈರು ತಗೊಂಡು ನಾನೇನು ಮಾಡಲಿ? ನೀನೊಬ್ಳು, ಕಟ್ಟಿಕೊಂಡ ಗಂಡನ್ನ ನಂಬಲ್ಲ, ಬೋರ್ಡು ನಂಬ್ತೀಯ. ರಾಯರೇ, ನಿಮ್ಮನ್ನ ಯಾರು ಕರೆದ್ರು ಸ್ವಾಮಿ ಇಲ್ಲಿಗೆ?” ಎಂದು ಟೋಪಿ ಕಿತ್ತು ನೆಲಕ್ಕೆ ಬಡಿದರು. ಸೀಲನ್ನು ಗೋಡೆಗೆ ಎಸೆದರು. ಮರಳಿನ ಚೀಲಕ್ಕೆ ಒದ್ದು, ಹೆಬ್ಬೆರಳು ಹಿಡಿದುಕೊಂಡು ಒಂಟಿಗಾಲಲ್ಲಿ ಕುಣಿದರು. ಕೊನೆಗೆ ಸಡಿಲ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಕೂತು ಗಳಗಳನೆ ಅತ್ತುಬಿಟ್ಟರು.

ಸಾಲಿನವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಹೆಡ್ ಕ್ಲಾರ್ಕರೊಬ್ಬರು ಮಾತ್ರ ಕೈ ಕಟ್ಟಿಕೊಂಡು, ಮುಗುಳ್ನಗೆ ಮಾಸದಂತೆ, “ನಿಮ್ಮ ಮಾತು ನನಗೆ ಕೇಳಿಸ್ತಾ ಇದೆ. ಸ್ವಲ್ಪ ನೀರು ಕುಡೀರಿ. ಆಮೇಲೆ ಮುಂದುವರಿಸುವಿರಂತೆ,” ಎಂದರು.

ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ವಾಹನಗಳ ಸಂದಿಯಲ್ಲಿ ನುಸುಳಿಕೊಂಡು ಮುಖ್ಯ ಕಚೇರಿಯ ಸಾಹೇಬರು ಬರುತ್ತಿದ್ದರು. ಹಿಂದೆ ಶಿಬಿರಾರ್ಥಿಗಳು. ಅವರ ಲಾರಿ ಬಹಳ ಹೊತ್ತಿನಿಂದ ಸಾಲಿನ ಬಾಲದಲ್ಲೇ ನಿಂತಿತ್ತು. ಈ ಜನಜಾತ್ರೆಯೆಲ್ಲ ಪರೀಕ್ಷೆಗೆಂದೇ ಮೇಷ್ಟ್ರು ಕೂಡಿಸಿದ್ದು ಎಂದು ನಂಬಿದ ಶಿಬಿರಾರ್ಥಿಗಳು ಸುಮ್ಮನೆ ಕೂತಿರಲಿಲ್ಲ. ಬಿಸಿಲಿಗೆ ತಾಡಪಾಲು ಕಟ್ಟಿದ್ದರು. ಸಾಲಿನವರಿಗೆಲ್ಲ ನೀರು ಹಂಚಿದ್ದರು. ತಲೆ ಸುತ್ತಿದವರೊಬ್ಬರನ್ನು ಮಲಗಿಸಿ ಗಾಳಿ ಬೀಸಿದ್ದರು. ಒಬ್ಬರೂ ದನಿ ಏರಿಸಿರಲಿಲ್ಲ.

ಸುದ್ದಿ ತಿಳಿದು ಓಡಿ ಬಂದ ಮೇಡಂ ಕಡೆ ತಿರುಗಿ ಸಾಹೇಬರು ಹೇಳಿದರು, “ಎಲ್ಲರೂ ಪಾಸು. ಬೆಳಗಾದ್ರೆ ಹೊರಡ್ಲಿ. ನನ್ನ ಸರ್ವೀಸಿನಲ್ಲೇ ಇಂಥ ತಾಲೀಮು ನೋಡಿಲ್ಲ. ಇಷ್ಟು ಜನರನ್ನ ಹೇಗ್ರೀ ಕೂಡಿಸಿದ್ರಿ? ಅದಿರಲಿ, ಇವರ ಅಭಿನಯ. ಆ ಕೂಗಾಟ, ಆ ಒದೆತ. ಕೊನೇಲಿ ಕಣ್ಣೀರು ಬೇರೆ. ಮೇಡಂ, ಇವರನ್ನ ಇವತ್ತಿಂದಲೇ ಕಾಯಂ ಮಾಡಿ.”

ಮೇಷ್ಟ್ರು ಮೇಜಿನಿಂದ ಇಳಿದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ತುಂಬಾ ಉಪಕಾರ ಆಯ್ತು ಸಾರ್,” ಎಂದರು ಮೇಷ್ಟ್ರು. “ನಾಳೆಯಿಂದ ತಾಳ್ಮೆಯ ಪಾಠವನ್ನ ಇನ್ನೂ ಚೆನ್ನಾಗಿ...”

“ತಾಳ್ಮೆಯಾ? ಅದು ನಿಮಗೆ ಒಗ್ಗೋದಲ್ಲ ಬಿಡಿ. ನೀವು ಹುಟ್ಟಿರೋದೇ ಗೇಟಿಗೆ. ನಮ್ಮ ಎಲ್ಲ ಕೇಂದ್ರಕ್ಕೂ ಇನ್ಮೇಲೆ ನೀವೇ ಒರಟು ಅಧಿಕಾರಿ. ರಿಟೈರ್ ಆಗೋವರೆಗೂ ಇದೇ ಯೂನಿಫಾರಂ.”

“ಮತ್ತೆ ಪಾಠ, ಸಾರ್?”

“ಅದಕ್ಕೆ ತಕ್ಕವರು ಸಿಕ್ಕಿದಾರೆ. ಅಷ್ಟು ಬಯ್ದರೂ ಒಂದು ಗೆರೆ ಕೂಡ ಕದಲಲಿಲ್ವಲ್ಲ ಅವರ ಮುಖದಲ್ಲಿ,” ಎಂದು ಸಾಹೇಬರು ಹೆಡ್ ಕ್ಲಾರ್ಕರ ಕೈ ಕುಲುಕಿ, ಲಾರಿಯ ಕಡೆ ನಡೆದರು.

ಹೆಡ್ ಕ್ಲಾರ್ಕರು ಮೇಷ್ಟ್ರ ಹತ್ತಿರ ಸ್ಟೂಲು ಎಳೆದುಕೊಂಡು ಬಂದು, ಭುಜದ ಮೇಲೆ ಕೈಯಿಟ್ಟರು. “ನಾಳೆ ನನ್ನ ಮೊದಲನೇ ಕ್ಲಾಸು. ನೀವು ಸ್ವಲ್ಪ ಬೇಗ ಬಂದು, ಹುಡುಗರ ಎದುರಿಗೆ ನನ್ನ ಮೇಲೆ ಕೂಗಾಡಬೇಕು. ನಿಮಗೇನೂ ಕಷ್ಟ ಆಗಲ್ಲ ಅಂದ್ಕೊಂಡಿದ್ದೀನಿ.”

ಮೇಷ್ಟ್ರ ಕಿವಿ ಕೆಂಪಾಯಿತು. ಎದೆ ತುಂಬ ಗಾಳಿ ಎಳೆದುಕೊಂಡು ಅವರು ಬಾಯಿ ತೆರೆದರು.

ಮೇಡಂ ಕೈ ಅಡ್ಡ ಹಿಡಿದರು. “ಈಗ್ಲೇ ಬೇಡ ಮೇಷ್ಟ್ರೇ. ನಾಳೆಗೆ ಉಳಿಸ್ಕೊಳ್ಳಿ.”